ಆರು ಜೇಬಿನ ಷರಾಯಿ ಪುರಾಣ

ನಮ್ಮ ಮೈಸೂರಿನಲ್ಲಿ ಒಂದೇ ಪ್ಯಾಂಟಿಗೆ ಮೂರು ಹೆಸರು. ಕಾಲೇಜು ಹುಡುಗರು 'ಸಿಕ್ಸ್ ಪಾಕೆಟ್' ಅಂತಾರೆ. ಅವರ ಅಪ್ಪಂದಿರು 'ಮಿಲಿಟರಿ ಪ್ಯಾಂಟು' ಅಂತಾರೆ. ಇನ್ನೂ ಹಳಬರಾದರೆ 'ಡಿಸ್ಪೋಸಲ್ ಮಾಲು' ಅಂದುಬಿಡ್ತಾರೆ. ಅಂಗಡಿಯ ಚೀಟಿಯಲ್ಲಿ ಮಾತ್ರ 'ಕಾರ್ಗೋ' ಅಂತ ಬರೆದಿರುತ್ತೆ. ಮುಂದೆ ಎರಡು ಜೇಬು, ಹಿಂದೆ ಎರಡು, ತೊಡೆಯ ಪಕ್ಕದಲ್ಲಿ ಮುಚ್ಚಳ ಇರೋ ಎರಡು ದೊಡ್ಡ ಜೇಬು. ಒರಟು ಬಟ್ಟೆ, ದಪ್ಪ ಹೊಲಿಗೆ, ಇಸ್ತ್ರಿಯ ಹಂಗಿಲ್ಲ. ಒಂದು ಸಲ ತಗೊಂಡರೆ ನಾಲ್ಕೈದು ವರ್ಷ ಆ ಕಡೆ ತಲೆ ಹಾಕಬೇಕಿಲ್ಲ. ನನ್ನಂಥ ಸೋಮಾರಿಗೆ ಇನ್ನೇನು ಬೇಕು ಹೇಳಿ :)

ಈ ಪ್ಯಾಂಟಿನ ಬಗ್ಗೆ ಬರೆಯೋದಕ್ಕೆ ಏನಿದೆ ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಹಿಂದೆ ಹಿಂದೆ ಹೋಗುತ್ತಾ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ದಂಡಿನವರ ಬಟ್ಟೆ ಸಂತೆಗೆ ಬಂದಾಗೆಲ್ಲ ಜನ ಮುಗಿಬಿದ್ದು ಕೊಳ್ಳುತ್ತಾರೆ, ಆಳುವವರಿಗೆ ಮಾತ್ರ ಕಸಿವಿಸಿ ಶುರುವಾಗುತ್ತೆ. ಈ ಕಸಿವಿಸಿ ನಿನ್ನೆ ಮೊನ್ನೆಯದಲ್ಲ. ಮೈಸೂರಿನ ಪಕ್ಕದಲ್ಲೇ ಇನ್ನೂರು ವರ್ಷಕ್ಕೂ ಹಿಂದೆ ಅದು ನಡೆದಿದೆ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಇದು ಶಾಲೆಯಲ್ಲೇ ಎಲ್ಲರೂ ಓದಿದ್ದು. ಅದರ ಮಾರನೇ ದಿನಗಳ ಕತೆ ಪಾಠದ ಪುಸ್ತಕದಲ್ಲಿ ಇರಲಿಲ್ಲ. ಗೆದ್ದ ಸೈನ್ಯ ಲೂಟಿಯ ಮಾಲನ್ನು ಲೆಕ್ಕ ಹಾಕಿ, ಹರಾಜು ಮಾಡಿ, ಬಂದ ದುಡ್ಡನ್ನು ಅಧಿಕಾರಿಯಿಂದ ಹಿಡಿದು ಸಿಪಾಯಿಯವರೆಗೆ ದರ್ಜೆ ಪ್ರಕಾರ ಹಂಚಿಕೊಳ್ಳುವುದು ಆಗಿನ ಪದ್ಧತಿ. ಅದಕ್ಕೆಂದೇ 'ಪ್ರೈಜ್ ಏಜೆಂಟ್' ಎಂಬ ಅಧಿಕಾರಿಗಳಿದ್ದರು. ಸಿಂಹಾಸನವನ್ನೇ ತುಂಡು ತುಂಡು ಮಾಡಿದವರು ಬಟ್ಟೆ ಬಿಡುತ್ತಾರೆಯೇ? ಸುಲ್ತಾನನ ಉಡುಪುಗಳೂ ಮಾರಾಟಕ್ಕೆ ಸಿದ್ಧವಾದವು.

ಆಗ ಕೋಟೆಯ ಉಸ್ತುವಾರಿ ವಹಿಸಿಕೊಂಡಿದ್ದವನು ಆರ್ಥರ್ ವೆಲ್ಲೆಸ್ಲಿ. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಅನ್ನಿಸಿಕೊಂಡು ವಾಟರ್ಲೂನಲ್ಲಿ ನೆಪೋಲಿಯನ್ನನ್ನು ಸೋಲಿಸಿದವನೇ ಇವನು. ಗವರ್ನರ್ ಜನರಲ್ ಆಗಿದ್ದ ಅಣ್ಣನಿಗೆ ಅದೇ ವರ್ಷ ಒಂದು ಕಾಗದ ಬರೆದ. ಸುಲ್ತಾನನ ಬಟ್ಟೆಗಳನ್ನು ಮಾರಿದರೆ ಊರಿನಲ್ಲಿರುವ ಅತೃಪ್ತ ಮುಸಲ್ಮಾನರು ಅವನ್ನು ಕೊಂಡುಕೊಳ್ಳುತ್ತಾರೆ, ಅದು ನಮಗೆ ಮರ್ಯಾದೆಯೂ ಅಲ್ಲ, ಮುಂದೆ ತಲೆನೋವೂ ಆದೀತು, ಸರ್ಕಾರವೇ ಅಷ್ಟನ್ನೂ ಕೊಂಡು ಟಿಪ್ಪುವಿನ ಮಕ್ಕಳಿಗೆ ಕೊಟ್ಟುಬಿಡಲಿ ಅನ್ನುವುದು ಅದರ ಸಾರಾಂಶ. ಕೋಟೆ ಗೆದ್ದಾಗಿತ್ತು, ತೋಪುಗಳು ಕೈಯಲ್ಲಿದ್ದವು. ಆದರೂ ಒಂದು ಗಂಟು ಬಟ್ಟೆ ಹರಾಜಿಗೆ ಹೋಗುತ್ತೆ ಅಂದಾಗ ಅಂಥಾ ಸೇನಾಧಿಕಾರಿಗೂ ನಿದ್ದೆ ಬರಲಿಲ್ಲ!

ಅದು ಸಾಮಾನ್ಯ ಸಿಪಾಯಿಯ ಸಮವಸ್ತ್ರವಲ್ಲ, ದೊರೆಯ ಉಡುಪು, ನಿಜ. ಆದರೂ ಈ ಕಾಗದವನ್ನು ನೆನಪಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಜೇಬಿನ ಮಾತಿಗೆ ಬರೋಣ. ನಮ್ಮ ಕಡೆ ಗಂಡಸರು ಪಂಚೆ ಉಡುತ್ತಿದ್ದವರು. ಪಂಚೆಗೆ ಜೇಬೆಲ್ಲಿ? ದುಡ್ಡನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕು ಅಥವಾ ಅಂಚಿಗೆ ಗಂಟು ಹಾಕಿಕೊಳ್ಳಬೇಕು. ಎಲೆಅಡಿಕೆಗೆ ಸಂಚಿ ಬೇರೆ. 'ಜೇಬು', 'ಕಿಸೆ' ಎರಡೂ ಹೊರಗಿನಿಂದ ಬಂದ ಮಾತುಗಳು. 'ಷರಾಯಿ'ಯೂ ಅಷ್ಟೇ. ಮೈಸೂರಿನ ಹಿರಿಯರು ಪ್ಯಾಂಟಿಗೆ ಷರಾಯಿ ಅನ್ನುತ್ತಿದ್ದುದನ್ನು ನಿಮ್ಮಲ್ಲಿ ಕೆಲವರಾದರೂ ಕೇಳಿರುತ್ತೀರಿ. ಹಾಗಂತ ನಮ್ಮ ರೈತ ಜೇಬಿಲ್ಲದೆ ಬದುಕಿದ ಅಂತಲ್ಲ. ಪಂಚೆಯ ಒಳಗೆ ಪಟಾಪಟಿ ಚಡ್ಡಿ ಇತ್ತಲ್ಲ! ಮೊಣಕಾಲಿನ ತನಕ ಬರೋ ಪಟ್ಟೆಪಟ್ಟೆ ಚಡ್ಡಿ, ಅದಕ್ಕೊಂದು ಆಳವಾದ ಜೇಬು. ಬೀಡಿ, ಬೆಂಕಿಪೊಟ್ಟಣ, ಬಸ್ ಚಾರ್ಜು, ಪಹಣಿ ಚೀಟಿ ಎಲ್ಲ ಅದರಲ್ಲೇ. ಪಂಚೆ ಸ್ವಲ್ಪ ಎತ್ತಿ, ತೊಡೆಯ ಹತ್ತಿರ ಕೈ ಹಾಕಿ ದುಡ್ಡು ತೆಗೆಯೋ ಗತ್ತು ಇದೆಯಲ್ಲ, ಅದರ ಮುಂದೆ ಯಾವ ಕಾರ್ಗೋ ಪ್ಯಾಂಟೂ ನಿಲ್ಲಲ್ಲ. ನನ್ನ ಪ್ರಕಾರ ನಮ್ಮ ಸೀಮೆಯ ಮೊದಲ ಕಾರ್ಗೋ ಅದೇ. ಯಾರೂ ಪೇಟೆಂಟ್ ತಗೊಂಡಿಲ್ಲ ಅಷ್ಟೇ...

ಬಣ್ಣದ ಕತೆ ಇನ್ನೂ ಸ್ವಾರಸ್ಯವಾಗಿದೆ. 'ಖಾಕ್' ಅಂದರೆ ಪಾರ್ಸಿಯಲ್ಲಿ ಮಣ್ಣು, ಧೂಳು. ಖಾಕಿ ಅಂದರೆ ಮಣ್ಣಿನ ಬಣ್ಣ. 1846ರ ಕೊನೆಯಲ್ಲಿ ಪೇಶಾವರದಲ್ಲಿ ಹ್ಯಾರಿ ಲಮ್ಸ್‌ಡನ್ ಎಂಬ ಅಧಿಕಾರಿ 'ಕೋರ್ ಆಫ್ ಗೈಡ್ಸ್' ಎಂಬ ತುಕಡಿ ಕಟ್ಟಿದ. ಬ್ರಿಟಿಷ್ ಸೈನ್ಯವೆಂದರೆ ಕೆಂಪು ಕೋಟು ಅಂತಿದ್ದ ಕಾಲ ಅದು. ಒಂದು ಮೈಲಿ ದೂರದಿಂದಲೇ ಕಾಣುವ ಕೆಂಪು ಕೋಟು ಹಾಕಿಕೊಂಡು ಆ ಗುಡ್ಡಗಾಡಿನಲ್ಲಿ ತಿರುಗಿದರೆ ಗುಂಡಿಗೆ ಎದೆ ಕೊಟ್ಟ ಹಾಗೆ. ಹಾಗಾಗಿ ಗೈಡ್ಸ್‌ನವರು ಮಣ್ಣಿನ ಬಣ್ಣದ ಬಟ್ಟೆ ಹಾಕತೊಡಗಿದರು. 1857ರ ದಂಗೆಯ ಹೊತ್ತಿಗೆ ಬೇರೆ ಪಡೆಗಳೂ ತಮ್ಮ ಬಿಳಿ ಬಟ್ಟೆಗಳನ್ನು ಚಹಾ, ಕೆಸರು, ಮಸಿ, ಹೀಗೆ ಸಿಕ್ಕಿದ್ದರಲ್ಲಿ ಅದ್ದಿ ಮಣ್ಣುಬಣ್ಣ ಮಾಡಿಕೊಂಡವು. ತೊಂದರೆ ಏನೆಂದರೆ ಆ ಬಣ್ಣ ನಿಲ್ಲುತ್ತಿರಲಿಲ್ಲ. ನಾಲ್ಕು ಸಲ ಒಗೆಯುವಷ್ಟರಲ್ಲಿ ಒಬ್ಬೊಬ್ಬ ಸಿಪಾಯಿ ಒಂದೊಂದು ಬಣ್ಣ.

ಬಣ್ಣ ನಿಲ್ಲುವ ಖಾಕಿಯ ಕತೆಗೆ ನಮ್ಮ ಕರಾವಳಿಯ ನಂಟಿದೆ. ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಹಂಚಿನ ಕಾರ್ಖಾನೆ, 'ಮಂಗಳೂರು ಸಮಾಚಾರ' ಎಲ್ಲ ಗೊತ್ತಿರುವುದೇ. ನೇಯ್ಗೆಯ ವಿಷಯ ಅಷ್ಟಾಗಿ ಯಾರೂ ಹೇಳುವುದಿಲ್ಲ. ಜಾನ್ ಹಾಲರ್ ಎಂಬ ನುರಿತ ನೇಕಾರ 1851ರಲ್ಲಿ ಮಂಗಳೂರಿಗೆ ಬಂದು ಯೂರೋಪಿನ ಮಾದರಿಯ ಮಗ್ಗ ಹೂಡಿದ. ಗಟ್ಟಿಯಾಗಿ ನಿಲ್ಲುವ ಖಾಕಿ ಬಣ್ಣ ಕಂಡುಹಿಡಿದವನು ಅವನೇ ಎಂದು ಮಿಷನ್ ಕಡೆಯ ಬರಹಗಳು ಹೇಳುತ್ತವೆ. ಮೊದಲು ಆ ಬಟ್ಟೆಯನ್ನು ಜಿಲ್ಲೆಯ ಪೊಲೀಸರಿಗೆ ಹೊಲಿಸಿದರಂತೆ. ಆಮೇಲೆ ಲಾರ್ಡ್ ರಾಬರ್ಟ್ಸ್ ಮಂಗಳೂರಿನ ನೇಯ್ಗೆ ಶಾಲೆ ನೋಡಿ ಮೆಚ್ಚಿ ಸೈನ್ಯಕ್ಕೆ ಶಿಫಾರಸು ಮಾಡಿದನಂತೆ. ಈತ 1881ರಿಂದ 1885ರವರೆಗೆ ಮದ್ರಾಸ್ ಸೇನೆಯ ದಂಡನಾಯಕನಾಗಿದ್ದವನು, ಮಂಗಳೂರು ಆಗ ಮದ್ರಾಸ್ ಪ್ರಾಂತ್ಯದಲ್ಲೇ ಇತ್ತು. ಹಾಗಾಗಿ ಕತೆ ಕಾಲಕ್ಕೆ ಹೊಂದುತ್ತದೆ. 1884ರಲ್ಲಿ ಇಂಗ್ಲೆಂಡಿನಲ್ಲಿ ಗ್ಯಾಟಿ ಎಂಬ ಬಣ್ಣಗಾರ ಖನಿಜದ ಖಾಕಿ ಬಣ್ಣಕ್ಕೆ ಪೇಟೆಂಟ್ ಪಡೆದ ಎಂಬುದೂ ದಾಖಲೆಯಲ್ಲಿದೆ. ಹೆಸರು ಪೇಶಾವರದ್ದು, ಪೇಟೆಂಟು ಇಂಗ್ಲೆಂಡಿನದು, ಗಟ್ಟಿತನದ ಮೊದಲ ಪಾಲು ಮಂಗಳೂರಿನದು ಅಂತ ನಾನು ಪಾಲು ಮಾಡಿಕೊಂಡಿದ್ದೇನೆ. ಮಂಗಳೂರಿನ ಗೆಳೆಯರಿಗೆ ಇದು ಸಾಲದು ಅನ್ನಿಸಿದರೆ ಜಗಳಕ್ಕೆ ಬನ್ನಿ, ಗೋಳಿಬಜೆ ಮೇಲೆ ಮಾತಾಡೋಣ.

ಅಂದ ಹಾಗೆ, ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಈ ಮಿಷನ್ನಿನ ಕಾರ್ಖಾನೆಗಳನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಮಿಷನ್ನಿನಲ್ಲಿ ಜರ್ಮನರೂ ಬಹಳ ಜನ ಇದ್ದರು, ಅದೇ ಕಾರಣ. ತನ್ನ ಸಿಪಾಯಿಗೆ ಬಣ್ಣದ ಬಟ್ಟೆ ಕೊಟ್ಟ ಮನೆಗೇ ಬೀಗ ಹಾಕಿಸಿದ ಹಾಗಾಯಿತು. ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ಪಾಲಾದವು.

ಇತ್ತ ಮೈಸೂರು ಸಂಸ್ಥಾನಕ್ಕೆ ತನ್ನದೇ ಸೈನ್ಯ ಇತ್ತು. ಈಗಲೂ ಊರಿನ ನಡುವೆ ಲಷ್ಕರ್ ಮೊಹಲ್ಲಾ ಇದೆ. ಲಷ್ಕರ್ ಅಂದರೆ ದಂಡು. ನಮ್ಮ ಊರಿನ ಬೀದಿಗಳಲ್ಲಿ, ಕಚೇರಿಗಳಲ್ಲಿ ಎಷ್ಟೊಂದು ದಂಡಿನ ಮಾತುಗಳು ಉಳಿದುಕೊಂಡಿವೆ ನೋಡಿ. ಡಿಸಿ ಸಾಹೇಬರ ಬಾಗಿಲಲ್ಲಿ ನಿಲ್ಲುವವರು ದಫೇದಾರರು. ಕುದುರೆ ಪಡೆಯಲ್ಲಿ ದಫೇದಾರ ಅಂದರೆ ಹತ್ತಾರು ಸವಾರರ ಮೇಲಿನ ಹುದ್ದೆ. ಉತ್ತರದ ಕಡೆ 'ಜವಾನ್' ಅಂದರೆ ಗಡಿ ಕಾಯುವವನು, ನಮ್ಮಲ್ಲಿ ಜವಾನ ಅಂದರೆ ಫೈಲು ಹೊರುವವನು. ಬಟ್ಟೆ ಡಿಸ್ಪೋಸಲ್‌ಗೆ ಬರುವ ಮೊದಲೇ ಪದವಿಗಳು ಬಂದುಬಿಟ್ಟಿದ್ದವು!

ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ 1914ರಲ್ಲಿ ಯುದ್ಧಕ್ಕೆ ಹೊರಟು ಈಜಿಪ್ಟ್, ಸೂಯೆಜ್, ಪ್ಯಾಲೆಸ್ತೀನ್ ಎಲ್ಲ ನೋಡಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಜೋಧಪುರದವರ ಜೊತೆ ಸೇರಿ ಗೆದ್ದಿತು. ಕಾರ್ಮೆಲ್ ಬೆಟ್ಟದ ಇಳಿಜಾರಿನಲ್ಲಿದ್ದ ತೋಪುಗಳ ಮೇಲೆ ಏರಿಹೋದವರು ಮೈಸೂರಿನವರು. ಎದುರಿಗೆ ಮಷೀನ್‌ಗನ್, ಇವರ ಕೈಯಲ್ಲಿ ಈಟಿ. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ಲೆಕ್ಕದ್ದು. ಆ ವೃತ್ತಕ್ಕೆ 2018ರಲ್ಲಿ ಹೈಫಾ ಹೆಸರೂ ಸೇರಿತು. ಬೆಂಗಳೂರಿನ ಜಯಚಾಮರಾಜೇಂದ್ರ ನಗರದ ಕಡೆ ಹೋದರೆ ಲ್ಯಾನ್ಸರ್ಸ್ ಸ್ಮಾರಕ ಸಿಗುತ್ತೆ, ನೋಡಿ ಬನ್ನಿ. ಸಂಸ್ಥಾನಗಳ ಸೈನ್ಯ ಭಾರತದ ಸೈನ್ಯದಲ್ಲಿ ಸೇರಿದ ಮೇಲೆ, 1953ರಲ್ಲಿ ಕಟ್ಟಿದ 61ನೇ ಅಶ್ವದಳದಲ್ಲಿ ಮೈಸೂರಿನ ಸವಾರರೂ ಬೆರೆತರು.

ಆ ಸವಾರರ ಪ್ಯಾಂಟಿಗೆ ತೊಡೆಯ ಜೇಬು ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ ಅನ್ನೋದು ನನ್ನ ಲೆಕ್ಕ. ಕುದುರೆ ಹತ್ತಿದವನ ತೊಡೆ ಜೀನಿಗೆ ಒತ್ತಿಕೊಂಡೇ ಇರುತ್ತೆ. ಅಲ್ಲಿ ತುಂಬಿದ ಜೇಬಿದ್ದರೆ ಸವಾರನಿಗೂ ಹಿಂಸೆ, ಕುದುರೆಗೂ ಹಿಂಸೆ. ಮದ್ದುಗುಂಡು ಎದೆಗೆ ಅಡ್ಡಲಾಗಿ ಹಾಕಿದ ಪಟ್ಟಿಯಲ್ಲಿ, ಊಟ ಹೆಗಲ ಚೀಲದಲ್ಲಿ. ಸಿಪಾಯಿ ಕುದುರೆ ಇಳಿದು ಲಾರಿ ಹತ್ತಿದ ಮೇಲೆ, ಆಮೇಲೆ ವಿಮಾನದಿಂದ ಹಾರಿದ ಮೇಲೆ ಜೇಬು ತೊಡೆಗೆ ಬಂತು.

1938ರಲ್ಲಿ ಬ್ರಿಟಿಷರು 'ಬ್ಯಾಟಲ್ ಡ್ರೆಸ್' ಅಂತ ಹೊಸ ಸಮವಸ್ತ್ರ ಒಪ್ಪಿದರು. ಅದರ ಪ್ಯಾಂಟಿನ ಎಡತೊಡೆಯ ಮೇಲೆ ನಕ್ಷೆ ಇಡಲು ದೊಡ್ಡ ಜೇಬು, ಬಲಗಡೆ ಗಾಯಕ್ಕೆ ಕಟ್ಟುವ ಪಟ್ಟಿ ಇಡಲು ಚಿಕ್ಕ ಜೇಬು. ಎಡಕ್ಕೆ ದಾರಿ, ಬಲಕ್ಕೆ ಗಾಯ! 1942ರಲ್ಲಿ ಅಮೆರಿಕದ ವಿಲಿಯಂ ಯಾರ್ಬರೋ ಎಂಬ ಅಧಿಕಾರಿ ಪ್ಯಾರಾಚೂಟ್ ಪಡೆಗೆಂದು ರೂಪಿಸಿದ ಉಡುಪಿನಲ್ಲಿ ಎರಡೂ ತೊಡೆಗಳಿಗೆ ಉಬ್ಬುವ ಜೇಬು ಬಂತು. ಆಕಾಶದಿಂದ ಶತ್ರುವಿನ ನೆಲಕ್ಕೆ ಬೀಳುವವನ ಹಿಂದೆ ಸಾಮಾನಿನ ಲಾರಿ ಬರುವುದಿಲ್ಲ. ಎರಡು ಮೂರು ದಿನದ ಊಟ, ಗುಂಡು, ಗ್ರೆನೇಡು, ಎಲ್ಲ ಮೈಮೇಲೇ ಇರಬೇಕು. ಜೇಬು ತುಂಬಿಸಿಕೊಂಡು ಹಾರಿದರೆ ಗಾಳಿಯ ಹೊಡೆತಕ್ಕೆ ಹರಿಯುತ್ತಿತ್ತು. ಅದಕ್ಕೇ 1944ರಲ್ಲಿ ನಾರ್ಮಂಡಿಗೆ ಹಾರುವ ಮೊದಲು ಜೇಬುಗಳಿಗೆ ಕ್ಯಾನ್‌ವಾಸ್ ಹೊಲಿದು, ತೊಡೆಗೆ ಬಿಗಿಯಲು ಲಾಡಿ ಕಟ್ಟಿದರು. ಈಗಿನ ಕೆಲವು ಪ್ಯಾಂಟುಗಳ ತೊಡೆಯಲ್ಲಿ ಯಾತಕ್ಕೂ ಬಾರದ ಒಂದು ಪಟ್ಟಿ ನೇತಾಡುತ್ತಿರುತ್ತಲ್ಲ, ಅದನ್ನು ನೋಡಿದಾಗೆಲ್ಲ ನನಗೆ ಆ ಲಾಡಿ ನೆನಪಾಗುತ್ತೆ.

ಬರ್ಮಾದ ಕಾಡಿನಲ್ಲಿ ಜಪಾನೀಯರ ಎದುರು ಹೋರಾಡುತ್ತಿದ್ದ ನಮ್ಮ ಸಿಪಾಯಿಗಳಿಗೆ ಖಾಕಿ ಉಪಯೋಗಕ್ಕೆ ಬರಲಿಲ್ಲ. ಹಸಿರಿನ ನಡುವೆ ಮಣ್ಣಿನ ಬಣ್ಣ ಎದ್ದು ಕಾಣುತ್ತೆ. ಹಾಗಾಗಿ 'ಜಂಗಲ್ ಗ್ರೀನ್' ಬಂತು. ಆಮೇಲೆ ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದವರು ತೆಳು ಹತ್ತಿಯ ಬಟ್ಟೆಯಲ್ಲಿ ಅಲ್ಲಲ್ಲಿ ದಪ್ಪ ಎಳೆ ಸೇರಿಸಿ ಚೌಕಳಿ ಚೌಕಳಿಯಾಗಿ ನೇಯಿಸಿದರು. ಮುಳ್ಳು ತಾಗಿ ಹರಿದರೂ ಹರುಕು ಆ ಚೌಕದ ಗೆರೆಗೆ ಬಂದು ನಿಲ್ಲುತ್ತೆ. ಇದೇ 'ರಿಪ್‌ಸ್ಟಾಪ್'. ನಮ್ಮ ಮೈಸೂರಿನ ಸೆಕೆಗೆ ಇದಕ್ಕಿಂತ ಒಳ್ಳೆಯ ಬಟ್ಟೆ ಇಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಇನ್ನು 'ಡಿಸ್ಪೋಸಲ್' ಅನ್ನೋ ಮಾತು. ಇದು ಆಡುಮಾತಿಗೆ ಸುಮ್ಮನೆ ಬಂದದ್ದಲ್ಲ, ಒಂದು ಸರ್ಕಾರಿ ಇಲಾಖೆಯ ಹೆಸರು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಈ ದೇಶದಲ್ಲಿ ಸೈನ್ಯದ ಸಾಮಾನು ಬೆಟ್ಟದಷ್ಟು ಬಿದ್ದಿತ್ತು. ಅದನ್ನು ವಿಲೇವಾರಿ ಮಾಡಲೆಂದೇ 'ಡೈರೆಕ್ಟರೇಟ್ ಜನರಲ್ ಆಫ್ ಡಿಸ್ಪೋಸಲ್ಸ್' ಅಂತ ಒಂದು ಕಚೇರಿ ಹುಟ್ಟಿತು. ಅಮೆರಿಕದವರು ಬಿಟ್ಟುಹೋದ ಸಾಮಾನನ್ನು 1946ರ ಒಪ್ಪಂದದಲ್ಲಿ ಇಲ್ಲಿನ ಸರ್ಕಾರ ವಹಿಸಿಕೊಂಡಿತು. ಜೀಪು, ಲಾರಿ, ಟಾರ್ಪಾಲು, ಕಂಬಳಿ, ಬೂಟು, ನೀರಿನ ಬಾಟಲಿ, ಪ್ಯಾಂಟು ಎಲ್ಲ ಹರಾಜಿಗೆ ಬಂತು. 'ಡಿಸ್ಪೋಸಲ್ ಜೀಪು' ಇಟ್ಟುಕೊಂಡವರು ಊರಿಗೊಬ್ಬ ಸಾಹುಕಾರ ಅನ್ನೋ ಕಾಲ. ಬಟ್ಟೆಗೆ ರೇಷನ್ ಇದ್ದ ದಿನಗಳನ್ನು ಕಂಡ ಜನಕ್ಕೆ ಹರಿಯದ ಬಟ್ಟೆ ಅಗ್ಗಕ್ಕೆ ಸಿಕ್ಕಿದರೆ ಬಿಡುತ್ತಾರೆಯೇ? ಆ ಇಲಾಖೆ 1951ರಲ್ಲಿ ಖರೀದಿ ಇಲಾಖೆಯ ಜೊತೆ ಸೇರಿ ಹೆಸರು ಬದಲಿಸಿಕೊಂಡು, 2017ರ ಅಕ್ಟೋಬರ್ 31ರಂದು ಬಾಗಿಲು ಹಾಕಿತು. ಇಲಾಖೆ ಹೋಯಿತು, ಮಾತು ಮಾತ್ರ ಸಂತೆಪೇಟೆಯಲ್ಲಿ ಇನ್ನೂ ಓಡಾಡಿಕೊಂಡಿದೆ.

ನಮ್ಮ ಸಂಬಂಧಿಕರೊಬ್ಬರ ಹತ್ತಿರ ಇಂಥದ್ದೊಂದು ಉಣ್ಣೆಯ ಅಂಗಿ ಇತ್ತು. ಮೊದಲು ಅವರ ಮೈಮೇಲೆ, ಆಮೇಲೆ ಅವರ ತಮ್ಮನ ಮೈಮೇಲೆ, ಕೊನೆಗೆ ಚಳಿಗಾಲದಲ್ಲಿ ಹಸುವಿನ ಕರುವಿನ ಮೈಮೇಲೆ. ಕರು ದೊಡ್ಡದಾಯಿತು, ಅಂಗಿ ಹರಿಯಲಿಲ್ಲ ಅಂತ ಮನೆಯಲ್ಲಿ ಈಗಲೂ ನಗುತ್ತಾರೆ.

ಈ ಬಟ್ಟೆ ಯಾಕಿಷ್ಟು ಬಾಳುತ್ತೆ? ಸಿಪಾಯಿಯ ಬಟ್ಟೆ ಅಂತ ಮಂತ್ರ ಹಾಕಿರಲ್ಲ. ಕೊಳ್ಳುವವನು ಗಿರಾಕಿ ಅಲ್ಲ, ಸರ್ಕಾರ. ಒಂದು ಇಂಚಿಗೆ ಎಷ್ಟು ಹೊಲಿಗೆ, ಬಟ್ಟೆಯ ತೂಕ ಎಷ್ಟು, ಗುಂಡಿಗೆ ಎಂಥ ದಾರ ಎಂಬುದೆಲ್ಲ ಕಾಗದದ ಮೇಲೆ ಬರೆದಿರುತ್ತೆ. ತಪ್ಪಿದರೆ ಮಾಲು ವಾಪಸ್ಸು. ಶಹಜಹಾನ್‌ಪುರದಲ್ಲಿ 1914ರಲ್ಲೂ ಚೆನ್ನೈ ಹತ್ತಿರದ ಆವಡಿಯಲ್ಲಿ 1961ರಲ್ಲೂ ಶುರುವಾದ ಸರ್ಕಾರಿ ಉಡುಪಿನ ಕಾರ್ಖಾನೆಗಳು ಹೀಗೇ ಹೊಲಿದವು. 2021ರ ಅಕ್ಟೋಬರ್ 1ರಂದು ಆರ್ಡ್‌ನೆನ್ಸ್ ಫ್ಯಾಕ್ಟರಿ ಮಂಡಳಿಯನ್ನು ಏಳು ಕಂಪನಿಗಳಾಗಿ ಒಡೆದಾಗ ಇವು 'ಟ್ರೂಪ್ ಕಂಫರ್ಟ್ಸ್' ಎಂಬ ಕಂಪನಿಯ ಕೆಳಗೆ ಬಂದವು. ಮೈಸೂರಿನ ಪಾಲು ಪ್ಯಾಂಟಿನಲ್ಲಿ ಅಲ್ಲ, ಪ್ಯಾಂಟಿನ ಜೇಬಿನೊಳಗೆ! 1961ರಲ್ಲಿ ಇಲ್ಲಿ ಶುರುವಾದ ರಕ್ಷಣಾ ಆಹಾರ ಸಂಶೋಧನಾಲಯ ಸೈನಿಕರಿಗಾಗಿ ತಿಂಗಳುಗಟ್ಟಲೆ ಕೆಡದ ಚಪಾತಿಯನ್ನೂ ಪೊಟ್ಟಣದಲ್ಲೇ ಬೆಂದ ಊಟವನ್ನೂ ರೂಪಿಸಿತು.

ಹಾಗಾದರೆ ಈಗ ಮೈಸೂರಿನಲ್ಲಿ ಅಸಲಿ ಮಿಲಿಟರಿ ಪ್ಯಾಂಟು ಸಿಗುತ್ತಾ? ದೇವರಾಜ ಅರಸು ರಸ್ತೆಯಿಂದ ಹಿಡಿದು ಫುಟ್‌ಪಾತಿನವರೆಗೆ 'ಮಿಲಿಟರಿ' ಅಂತ ಮಾರುವ ಪ್ಯಾಂಟುಗಳಲ್ಲಿ ಯಾವುದೂ ಸೈನ್ಯ ಕಂಡದ್ದಲ್ಲ ಅಂತ ಧಾರಾಳವಾಗಿ ತಿಳಿದುಕೊಳ್ಳಬಹುದು. ಅವು ಸೈನ್ಯದ ಪ್ಯಾಂಟಿನ ಹಾಗೆ ಹೊಲಿದವು, ಅಥವಾ 'ಎಕ್ಸ್‌ಪೋರ್ಟ್ ಸರ್‌ಪ್ಲಸ್'. ಈ ಸರ್‌ಪ್ಲಸ್ ಬೇರೆ, ಆ ಸರ್‌ಪ್ಲಸ್ ಬೇರೆ. ಬೆಂಗಳೂರು, ಮಂಡ್ಯ, ಮೈಸೂರು ಕಡೆಯ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ನಮ್ಮ ಹೆಣ್ಣುಮಕ್ಕಳು ಹೊರದೇಶದ ಕಂಪನಿಗಳಿಗೆ ಹೊಲಿಯುತ್ತಾರಲ್ಲ, ಅಲ್ಲಿ ಹೆಚ್ಚಾಗಿ ಉಳಿದದ್ದು, ಚಿಕ್ಕ ಕುಂದಿಗೆ ವಾಪಸ್ಸಾದದ್ದು ಹೀಗೆ ಬರುತ್ತೆ. ಹೊರದೇಶದ ಸೈನ್ಯಗಳ ಹಳೆ ಪ್ಯಾಂಟು ಬರಬಹುದಲ್ಲ ಅಂತೀರಾ? ಉಟ್ಟ ಬಟ್ಟೆಯನ್ನು ಲೈಸೆನ್ಸ್ ಇಲ್ಲದೆ ಆಮದು ಮಾಡಿಕೊಳ್ಳುವ ಹಾಗಿಲ್ಲ. ಹರ್ಯಾಣದ ಪಾಣಿಪತ್ತಿಗೆ ಲೋಡುಗಟ್ಟಲೆ ಹಳೆ ಉಣ್ಣೆ ಬಟ್ಟೆ ಬರುತ್ತೆ, ಆದರೆ ಮತ್ತೆ ಉಡಲು ಬಾರದ ಹಾಗೆ ಕತ್ತರಿಸಿಯೇ ಬರಬೇಕು. ಅಲ್ಲಿ ಅದನ್ನು ಸಿಗಿದು, ನೂಲು ತೆಗೆದು, ಕಂಬಳಿ ನೇಯುತ್ತಾರೆ. ಯಾವುದೋ ದೇಶದ ಸೈನಿಕನ ಕೋಟು ನಮ್ಮ ರೈಲಿನಲ್ಲಿ ಯಾರದೋ ಹೊದಿಕೆಯಾಗಿ ಮಲಗಿರಬಹುದು.

ನಮ್ಮದೇ ಸೈನ್ಯದ ಬಟ್ಟೆಯ ವಿಷಯ ಇನ್ನೂ ಬಿಗಿ. ಇಲ್ಲಿ ವೆಲ್ಲೆಸ್ಲಿಯ ಕಾಗದ ನೆನಪಿಸಿಕೊಳ್ಳಿ. ಸೈನಿಕನಲ್ಲದವನು ಸೈನಿಕನೆಂದು ನಂಬಿಸುವ ಉದ್ದೇಶದಿಂದ ಆ ಉಡುಪು ಹಾಕಿದರೆ ಶಿಕ್ಷೆ ಅಂತ ಬ್ರಿಟಿಷರ ಕಾಲದ ದಂಡಸಂಹಿತೆಯ 140ನೇ ಕಲಮು ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ 168ನೇ ಕಲಮು. ಮೂರು ತಿಂಗಳವರೆಗೆ ಜೈಲು, ಅಥವಾ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಉದ್ದೇಶ ಎಂಬ ಮಾತನ್ನು ಗಮನಿಸಿ. ತೊಡೆಗೆ ಜೇಬಿದ್ದ ಮಾತ್ರಕ್ಕೆ ಯಾರೂ ಅಪರಾಧಿ ಆಗಲ್ಲ. ಆದರೆ 2016ರ ಜನವರಿಯಲ್ಲಿ ಪಠಾಣ್‌ಕೋಟ್ ವಾಯುನೆಲೆಗೆ ನುಗ್ಗಿದ ಉಗ್ರರು ಸೈನ್ಯದ ಉಡುಪಿನಲ್ಲಿ ಬಂದಿದ್ದರು. ಆಮೇಲೆ ಸೈನ್ಯವೇ ಮುಂದೆ ಬಂದು, ಸಮವಸ್ತ್ರದ ಮಾದರಿಯ ಬಟ್ಟೆ ಹಾಕಬೇಡಿ ಅಂತ ಜನರಿಗೆ, ಮಾರಬೇಡಿ ಅಂತ ಅಂಗಡಿಯವರಿಗೆ ಮನವಿ ಮಾಡಿತು. 2022ರ ಜನವರಿ 15ರಂದು, ಸೇನಾ ದಿನದ ಪೆರೇಡಿನಲ್ಲಿ, ಚುಕ್ಕಿಚುಕ್ಕಿಯ ಹೊಸ ಸಮವಸ್ತ್ರ ಕಾಣಿಸಿಕೊಂಡಿತು. 70 ಪಾಲು ಹತ್ತಿ, 30 ಪಾಲು ಪಾಲಿಯೆಸ್ಟರ್, ವಿನ್ಯಾಸ ರೂಪಿಸಲು ದೆಹಲಿಯ ನಿಫ್ಟ್ ಸಂಸ್ಥೆಯ ನೆರವು. ಅದೇ ವರ್ಷ ಆ ವಿನ್ಯಾಸವನ್ನು ಸೈನ್ಯ ತನ್ನ ಹೆಸರಿಗೆ ನೋಂದಣಿ ಮಾಡಿಸಿಕೊಂಡಿತು. ಹತ್ತು ವರ್ಷದ ಹಕ್ಕು, ಮತ್ತೆ ಐದು ವರ್ಷ ಮುಂದುವರಿಸಬಹುದು. ಅಂಗಡಿಯಲ್ಲಿ ಅದನ್ನು ಮಾರುವಂತಿಲ್ಲ.

ಇದರಲ್ಲಿ ನನಗೆ ತಕರಾರಿಲ್ಲ. ಗಡಿಯಲ್ಲಿ ಒಬ್ಬ ಸೈನಿಕ ಇನ್ನೊಬ್ಬನನ್ನು ಬಟ್ಟೆಯಿಂದ ಗುರುತಿಸುತ್ತಾನೆ. ಅದು ಯಾರಿಗೆ ಬೇಕಾದರೂ ಫುಟ್‌ಪಾತಿನಲ್ಲಿ ಸಿಗುತ್ತೆ ಅಂದರೆ ಆ ಗುರುತಿಗೇನು ಬೆಲೆ? ವೆಲ್ಲೆಸ್ಲಿ ಹೆದರಿದ್ದು ತಾನು ಸೋಲಿಸಿದವರ ನೆನಪಿಗೆ. ಇಲ್ಲಿರುವುದು ಜೀವದ ಪ್ರಶ್ನೆ. ಎರಡೂ ಒಂದೇ ಅಲ್ಲ. ನನಗೆ ಹೊಟ್ಟೆ ಉರಿಯುವುದು ಬೇರೆ ಕಡೆ. ಚಿತ್ತಾರದ ಪ್ಯಾಂಟನ್ನು ಫ್ಯಾಷನ್ನಿಗೆ ಹಾಕುವವರಿಗಿಂತ ಹೆಚ್ಚಾಗಿ ಹಾಕುವವರು ಗಾರೆ ಕೆಲಸದವರು, ಗೂಡ್ಸ್ ಗಾಡಿಯವರು, ರಾತ್ರಿ ಕಾವಲಿನವರು. ಅಗ್ಗ, ಗಟ್ಟಿ, ಕೊಳೆ ಕಾಣಲ್ಲ, ಅಷ್ಟಕ್ಕೇ ಕೊಂಡಿರುತ್ತಾರೆ. ಕಾವಲಿನವರ ವಿಷಯದಲ್ಲಂತೂ 2005ರ ಖಾಸಗಿ ಭದ್ರತಾ ಸಂಸ್ಥೆಗಳ ಕಾಯ್ದೆ ಖಡಕ್ಕಾಗಿದೆ. ಸೈನ್ಯ, ಪೊಲೀಸರ ಉಡುಪನ್ನು ಹೋಲುವ ಬಟ್ಟೆ ಹಾಕಿದರೆ ಕಾವಲುಗಾರನಿಗೂ ಸಂಸ್ಥೆಯ ಮಾಲೀಕನಿಗೂ ಒಂದು ವರ್ಷದವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಆಗಬಹುದು. ಕಾನೂನಿನ ಪುಸ್ತಕದಲ್ಲಿ ಇಬ್ಬರೂ ಸಮಾನ. ಗೇಟಿನಲ್ಲಿ ನಿಂತು ಸಿಕ್ಕಿಬೀಳುವವನು ಯಾರು ಅಂತ ಬೇರೆ ಹೇಳಬೇಕೇ? ಅದನ್ನು ಹೊಲಿಸಿ ಕೊಟ್ಟವರನ್ನು ಕೇಳಬೇಕಾದ ಪ್ರಶ್ನೆಯನ್ನು ತೊಟ್ಟವನನ್ನು ಕೇಳುವುದು ನಮ್ಮಲ್ಲಿ ರೂಢಿ.

ಹಾಗಾಗಿ ನನ್ನ ಪದ್ಧತಿ ಹೀಗಿದೆ. ಚಿತ್ತಾರ ಇರುವ ಪ್ಯಾಂಟಿನ ಕಡೆ ನೋಡುವುದೇ ಇಲ್ಲ. ಮಣ್ಣಿನ ಬಣ್ಣ, ಬೂದಿ, ಕಪ್ಪು ಅಥವಾ ಬರೀ ಹಸಿರು. ಅಂಗಡಿಯಲ್ಲಿ ಮೊದಲು ಪ್ಯಾಂಟನ್ನು ಒಳಹೊರಗು ಮಾಡುತ್ತೇನೆ, ಅಂಗಡಿಯವರು ಮುಖ ಸಿಂಡರಿಸಿದರೂ ಸರಿ. ಕಾಲಿನ ಒಳಹೊಲಿಗೆ ಎರಡು ಸಾಲು ಇದೆಯಾ, ಬಟ್ಟೆಯ ಅಂಚು ಮಡಚಿ ಒಳಗೆ ಸೇರಿಸಿದ್ದಾರಾ ಅಂತ ನೋಡಬೇಕು. ಆಮೇಲೆ ಜೇಬಿನ ಮೂಲೆಗಳು. ಅಲ್ಲಿ ಒತ್ತೊತ್ತಾಗಿ ಅಡ್ಡಹೊಲಿಗೆ ಹಾಕಿರಬೇಕು, ಇಲ್ಲದಿದ್ದರೆ ಮೊಬೈಲಿನ ತೂಕಕ್ಕೇ ಆರು ತಿಂಗಳಲ್ಲಿ ಜೇಬು ಬಾಯಿಬಿಡುತ್ತೆ. ತೊಡೆಯ ಜೇಬಿಗೆ ಪಕ್ಕದಲ್ಲಿ ನೆರಿಗೆ ಇದ್ದರೆ ಮಾತ್ರ ಅದು ಉಬ್ಬುತ್ತೆ. ನೆರಿಗೆ ಇಲ್ಲದ್ದು ಬರೀ ತೋರಿಕೆಯ ಜೇಬು. ಮುಚ್ಚಳಕ್ಕೆ ಗುಂಡಿ ಒಳ್ಳೆಯದು, ಚರ್ ಅನ್ನೋ ಅಂಟುಪಟ್ಟಿ ನಾಲ್ಕು ಮಳೆಗಾಲಕ್ಕೆ ದಾರದ ಕಸ ತುಂಬಿಕೊಂಡು ಕೆಲಸಕ್ಕೆ ಬಾರದ ಹಾಗಾಗುತ್ತೆ. ಬಟ್ಟೆ ಓರೆ ನೇಯ್ಗೆಯ ಡ್ರಿಲ್ ಆದರೆ ಬಾಳಿಕೆ ಜಾಸ್ತಿ, ಚೌಕಳಿಯ ರಿಪ್‌ಸ್ಟಾಪ್ ಆದರೆ ಬೇಗ ಒಣಗುತ್ತೆ. ಎಳೆದರೆ ರಬ್ಬರಿನ ಹಾಗೆ ಹಿಗ್ಗುವುದನ್ನು ಅಲ್ಲೇ ಬಿಟ್ಟು ಬನ್ನಿ.

ಇದೆಲ್ಲ ಸರಿ ಇರುವ ಪ್ಯಾಂಟು ಸಿಗದಿದ್ದರೆ ಇನ್ನೊಂದು ದಾರಿ ಇದೆ, ನನಗೆ ಈಚೆಗೆ ಅದೇ ಹೆಚ್ಚು ಇಷ್ಟ. ಪೊಲೀಸರು, ಅಂಚೆಯವರು, ಆಟೋದವರು, ಬಸ್ಸಿನವರು ಅಂತ ಇಡೀ ರಾಜ್ಯ ಒಂದಲ್ಲ ಒಂದು ಕಾಲದಲ್ಲಿ ಖಾಕಿ ಹಾಕಿದೆ. ಹಾಗಾಗಿ ಒಳ್ಳೆ ಡ್ರಿಲ್ ಬಟ್ಟೆ ಮೀಟರ್ ಲೆಕ್ಕದಲ್ಲಿ ಇವತ್ತಿಗೂ ಸಿಗುತ್ತೆ. ಬೂದಿ ಬಣ್ಣದ್ದು ತಗೊಂಡು ನಮ್ಮ ಬೀದಿಯ ಟೈಲರ್ ಹತ್ತಿರ ಹೋಗಿ, ಮಾಮೂಲಿಗಿಂತ ಸ್ವಲ್ಪ ಹೆಚ್ಚು ಬಟ್ಟೆ ಕೊಟ್ಟು ತೊಡೆಗೆರಡು ಜೇಬು ಇಡಿ ಅಂದೆ. ಅವರು ಟೇಪು ಕೊರಳಿಗೆ ಹಾಕಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನ್ಸಾರ್, ಅದ್ರೊಳಗೆ ಏನಿಡ್ತೀರಾ? ದೊಡ್ಡ ಬೆಳೆ ಏನಾದ್ರೂ ಬಂತಾ?" ಅಂದರು. ಹೊಲಿದು ಕೊಟ್ಟಾಗ ನೋಡಿದರೆ ನಾನು ಕೇಳದೇ ಇದ್ದರೂ ಜೇಬಿನ ನಾಲ್ಕೂ ಮೂಲೆಗೆ ಅಡ್ಡಹೊಲಿಗೆ ಹಾಕಿದ್ದರು. ಎರಡು ವರ್ಷ ಆಯಿತು, ಒಂದು ದಾರ ಬಿಚ್ಚಿಲ್ಲ.

ನಿಮ್ಮ ಊರುಗಳಲ್ಲಿ ಈ ಪ್ಯಾಂಟಿಗೆ ಏನಂತಾರೆ? ಹುಬ್ಬಳ್ಳಿ, ಬೆಳಗಾವಿ ಕಡೆ ಬೇರೆ ಹೆಸರಿರಬೇಕು. ಬೆಳಗಾವಿಯಲ್ಲಂತೂ ಮರಾಠಾ ರೆಜಿಮೆಂಟಿನ ಕೇಂದ್ರವೇ ಇದೆ, ಡಿಸ್ಪೋಸಲ್ ಕತೆಗಳು ಅಲ್ಲಿ ಮನೆಮನೆಯಲ್ಲೂ ಇರಬಹುದು. ಗೊತ್ತಿರೋರು ಬರೆಯಿರಿ, ಕಾಯ್ತಿರ್ತೀನಿ.